ಮೀಟರ್ ಹಿಡಿಯುವ ಮೊದಲು ಗಡಿಯಾರ ನೋಡಿ

ಶಬ್ದ ಅಳೆಯುವುದು ನನ್ನ ಕೆಲಸ ಅಂತ ಗೊತ್ತಾದ ಕೂಡಲೇ ಜನ ಮೊಬೈಲ್ ತೆಗೆದು ತೋರಿಸುತ್ತಾರೆ. ಆ್ಯಪ್‌ನಲ್ಲಿ 72 ಡೆಸಿಬೆಲ್ ಬಂದಿದೆ, ಇದು ಕಾನೂನು ಮೀರಿದ ಹಾಗಲ್ವಾ ಅಂತ ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಯಾವ ವಲಯ, ಎಷ್ಟು ಹೊತ್ತು ಅಳೆದದ್ದು, ಎಲ್ಲಿ ನಿಂತು ಅಳೆದದ್ದು, ಇವು ಗೊತ್ತಿಲ್ಲದೆ ಆ ಅಂಕಿಗೆ ಬೆಲೆ ಇಲ್ಲ. ಆದರೆ ಅವರ ನಿದ್ದೆ ಕೆಟ್ಟದ್ದು ಮಾತ್ರ ನಿಜ. ನಮ್ಮ ನಿಯಮ ಅಳೆಯುವುದು ಒಂದನ್ನು, ಜನರನ್ನು ಕಾಡುವುದು ಇನ್ನೊಂದು. ಈ ಅಂತರ ಅರ್ಥವಾಗದಿದ್ದರೆ ನಿಮ್ಮ ದೂರು ಮೊದಲ ಮೇಜಿನಲ್ಲೇ ನಿಂತುಬಿಡುತ್ತದೆ.

ದೇಶದ ಎಲ್ಲ ಊರಿಗೂ ಅನ್ವಯಿಸುವುದು 2000ದ ಶಬ್ದ ಮಾಲಿನ್ಯ ನಿಯಮಗಳು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70. ನಿಶ್ಶಬ್ದ ವಲಯಕ್ಕೆ 50 ಮತ್ತು 40. ಇಷ್ಟನ್ನು ಬಹಳ ಜನ ಓದಿರುತ್ತಾರೆ. ಈ ಅಂಕಿಗಳೆಲ್ಲ ಸರಾಸರಿ ಅನ್ನುವುದನ್ನು ಮಾತ್ರ ಗಮನಿಸಿರುವುದಿಲ್ಲ.

ಸರಾಸರಿ ಅಂದರೆ ಇಡೀ ಅವಧಿಯಲ್ಲಿ ಬಂದ ಶಬ್ದದ ಶಕ್ತಿಯನ್ನು ಕೂಡಿಸಿ ಹಂಚಿದ ಲೆಕ್ಕ. ಒಂದು ಉದಾಹರಣೆ ನೋಡಿ. ನಿಮ್ಮ ಬೀದಿ ರಾತ್ರಿಯೆಲ್ಲ 40 ಡೆಸಿಬೆಲ್‌ನಲ್ಲಿ ತಣ್ಣಗಿದೆ. ಎರಡು ಗಂಟೆಗೆ ಯಾರೋ ಗೇಟಿನ ಮುಂದೆ ಹಾರ್ನ್ ಒತ್ತುತ್ತಾರೆ. ಕಿಟಕಿಯ ಹೊರಗೆ 75 ಡೆಸಿಬೆಲ್, ಹತ್ತು ಸೆಕೆಂಡು. ಮಗು ಎದ್ದು ಅಳುತ್ತದೆ, ಬಿಪಿ ಇರುವ ಅಜ್ಜಿಗೆ ಮತ್ತೆ ನಿದ್ದೆ ಬರುವುದಿಲ್ಲ. ಎಂಟು ಗಂಟೆಯ ಸರಾಸರಿ ತೆಗೆದರೆ ಸುಮಾರು 43 ಬರುತ್ತದೆ. ಮಿತಿ 45. ಕಾಗದದ ಮೇಲೆ ಅದು ನೆಮ್ಮದಿಯ ರಾತ್ರಿ.

ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲೇ ಇದಕ್ಕೆ ದಾರಿ ಹೇಳಿತ್ತು. ಮಲಗುವ ಕೋಣೆಯಲ್ಲಿ ಸರಾಸರಿ 30 ಡೆಸಿಬೆಲ್ ಇರಬೇಕು. ಅದರ ಜೊತೆಗೆ ಯಾವುದೇ ಒಂದು ಸದ್ದು ಕೋಣೆಯೊಳಗೆ 45 ದಾಟಬಾರದು. ಎರಡನೇ ಮಾತು ನಮ್ಮ ನಿಯಮದಲ್ಲಿ ಇಲ್ಲ. ಅದು ಬರಲೇಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ನಿದ್ದೆಯಿಂದ ಎಬ್ಬಿಸುವುದು ಸರಾಸರಿಯಲ್ಲ, ಆ ಒಂದು ಹಾರ್ನ್.

ಇನ್ನೊಂದು ತೊಡಕು ಬೇಸ್, ಅಂದರೆ ಸಂಗೀತದ ತಗ್ಗು ಸ್ವರ. ನಮ್ಮ ನಿಯಮದ ಡೆಸಿಬೆಲ್ ಅಂದರೆ 'ಎ' ಮಾಪಕದ ಡೆಸಿಬೆಲ್. ಸಣ್ಣ ದನಿಯಲ್ಲಿ ಕಿವಿಗೆ ತಗ್ಗು ಸ್ವರ ಕಡಿಮೆ ಕೇಳಿಸುತ್ತದೆ. ಅದಕ್ಕೆ ಹೊಂದುವಂತೆ ಈ ಮಾಪಕ ತಗ್ಗು ಸ್ವರಗಳಿಗೆ ಕತ್ತರಿ ಹಾಕುತ್ತದೆ. ಮಾತುಕತೆಗೆ, ಸಾಮಾನ್ಯ ಟ್ರಾಫಿಕ್‌ಗೆ ಇದು ಪರವಾಗಿಲ್ಲ. ಆದರೆ ಪಬ್‌ನ ಡಬ್ ಡಬ್ ಇರುತ್ತದಲ್ಲ, ಅದು ಹೆಚ್ಚಾಗಿ 63 ಹರ್ಟ್ಸ್ (ಸೆಕೆಂಡಿಗೆ 63 ಕಂಪನ) ಸುತ್ತಮುತ್ತಲಿನದ್ದು. ಅಲ್ಲಿ ಮಾಪಕ ಸುಮಾರು 26 ಡೆಸಿಬೆಲ್ ಕಳೆದುಬಿಡುತ್ತದೆ. ಅಂದರೆ 70 ಡೆಸಿಬೆಲ್ ಬೇಸ್ ನಿಮ್ಮ ಎದೆಗೆ ಬಡಿಯುತ್ತಿದ್ದರೂ ಮೀಟರ್ 44 ತೋರಿಸುತ್ತದೆ. ಗೋಡೆ, ಗಾಜು ಮೇಲಿನ ಸ್ವರಗಳನ್ನು ತಡೆಯುತ್ತವೆ, ಬೇಸನ್ನು ಅಷ್ಟಾಗಿ ತಡೆಯಲಾರವು. ಕಿಟಕಿ ಮುಚ್ಚಿದರೆ ಹಾಡು ನಿಲ್ಲುತ್ತದೆ, ಬಡಿತ ಉಳಿಯುತ್ತದೆ. ಬೆಂಗಳೂರಿನ ಇಂದಿರಾನಗರದ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ಹೈಕೋರ್ಟ್‌ವರೆಗೆ ಹೋಗಬೇಕಾಯಿತು. ಇಂಥ ಜಗಳಗಳಲ್ಲಿ ಒಬ್ಬರು ಮೀಟರ್ ತೋರಿಸುತ್ತಾರೆ, ಇನ್ನೊಬ್ಬರು ಅಲುಗುವ ಕಿಟಕಿ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ನ್ಯೂಯಾರ್ಕ್ ನಗರ ಈ ವಿಷಯದಲ್ಲಿ ಜಾಣತನ ತೋರಿಸಿದೆ. 2007ರಲ್ಲಿ ಜಾರಿಗೆ ಬಂದ ಅಲ್ಲಿನ ಶಬ್ದ ಸಂಹಿತೆಯಲ್ಲಿ ಬಾರ್, ಹೋಟೆಲುಗಳ ಸಂಗೀತವನ್ನು ತೊಂದರೆ ಪಡುವವರ ಮನೆಯೊಳಗೆ ನಿಂತು ಅಳೆಯುತ್ತಾರೆ. 'ಎ' ಮಾಪಕದಲ್ಲಿ ಮಿತಿ 42. ಅದು ಸಾಲದೆಂದು 63ರಿಂದ 500 ಹರ್ಟ್ಸ್‌ವರೆಗಿನ ಸ್ವರಗಳನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಹಂಚಿ, ಒಂದೊಂದು ಪಟ್ಟಿಯಲ್ಲೂ 45 ಡೆಸಿಬೆಲ್ ದಾಟಬಾರದು ಅಂತ ಇದೆ, ಯಾವ ಕತ್ತರಿಯೂ ಇಲ್ಲದೆ. ನಾನು ಹೇಳಿದ 70 ಡೆಸಿಬೆಲ್ ಬೇಸ್ ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ. ಇದೇನೂ ದುಬಾರಿ ತಂತ್ರಜ್ಞಾನವಲ್ಲ. ಪಟ್ಟಿ ಪಟ್ಟಿಯಾಗಿ ಅಳೆಯುವ ಮೀಟರ್‌ಗಳು ನಮ್ಮಲ್ಲೂ ಇವೆ, ನಿಯಮ ಕೇಳುವುದಿಲ್ಲ ಅಷ್ಟೆ.

ವಲಯದ ಗೊಂದಲ ಬೇರೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಬೀದಿ ವಾಣಿಜ್ಯವೋ ವಸತಿಯೋ? ಉತ್ತರ ಬದಲಾದರೆ ಮಿತಿಯೂ 10 ಡೆಸಿಬೆಲ್ ಬದಲಾಗುತ್ತದೆ. ಹಿಂದೆ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ತಾನಾಗಿಯೇ ನಿಶ್ಶಬ್ದ ವಲಯವಾಗುತ್ತಿತ್ತು. 2017ರ ತಿದ್ದುಪಡಿಯ ನಂತರ ರಾಜ್ಯ ಸರ್ಕಾರ ಘೋಷಿಸಿದರೆ ಮಾತ್ರ. ಬರೀ ಬೋರ್ಡ್ ನಂಬಬೇಡಿ.

ಮೀಟರ್ ಆಧಾರದ ದೂರಿಗೆ ಇನ್ನೂ ಒಂದು ಅಡ್ಡಗೋಡೆ ಇದೆ. ಮಿತಿಗಿಂತ 10 ಡೆಸಿಬೆಲ್ ಜಾಸ್ತಿ ಇದ್ದರೆ ದೂರು ಕೊಡಬಹುದು ಅಂತ ನಿಯಮ 7 ಹೇಳುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚು ಅಂದರೆ ಶಬ್ದದ ಶಕ್ತಿ ಹತ್ತು ಪಟ್ಟು. ಮೊಬೈಲ್ ಆ್ಯಪ್ ಹಿಡಿದು ಇದನ್ನು ಸಾಬೀತು ಮಾಡುವುದು ಕಷ್ಟ. ನಿಮ್ಮ ಫೋನಿನ ಮೈಕ್ ಸರಿಯಾಗಿದೆಯೆಂದು ಯಾರೂ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟಿರುವುದಿಲ್ಲ.

ಹಾಗಾಗಿ ನನ್ನ ಹತ್ತಿರ ಬಂದವರಿಗೆ ನಾನು ಮೊದಲು ಕೇಳುವುದು ಎಷ್ಟು ಗಂಟೆಗೆ ಅಂತ. ಅದೇ ನಿಯಮ 7ರಲ್ಲಿ ಇನ್ನೊಂದು ಬಾಗಿಲಿದೆ: ರಾತ್ರಿಯ ನಿರ್ಬಂಧಗಳನ್ನು ಮುರಿದರೂ ದೂರು ಕೊಡಬಹುದು, ಅಲ್ಲಿ ಡೆಸಿಬೆಲ್ ಬೇಕಿಲ್ಲ. 2010ರಲ್ಲಿ ಸೇರಿದ ನಿಯಮ 5ಎ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರ ಮೇಲೆ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವ ಹಾಗಿಲ್ಲ. ಪಟಾಕಿ ಸಿಡಿಸುವ ಹಾಗಿಲ್ಲ. ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಕೂಡ ಒತ್ತುವ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಮೋಲ್ಡಿಂಗ್ ಮಾಡುವ ಕಾಂಕ್ರೀಟ್ ಪಂಪ್ ಇದರ ಒಳಗೇ ಬರುತ್ತದೆ.

ಧ್ವನಿವರ್ಧಕಕ್ಕೂ ಹೀಗೆಯೇ. ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ರಾತ್ರಿ 10ರ ನಂತರ ಮುಚ್ಚಿದ ಸಭಾಂಗಣದೊಳಗೆ ಅಥವಾ ಸಾರ್ವಜನಿಕ ತುರ್ತು ಸಂದರ್ಭದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಮಧ್ಯರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಗಣೇಶನ ಪೆಂಡಾಲ್ ಇರಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾ ಇರಲಿ, ಕೇಳಬೇಕಾದ್ದು ಒಂದೇ: ಅನುಮತಿ ಪತ್ರ ಎಲ್ಲಿ, ಅದರಲ್ಲಿ ಎಷ್ಟು ಗಂಟೆ ಅಂತ ಬರೆದಿದೆ? ನಾನೂ ಹಬ್ಬ ಮಾಡುವವನೇ. ಅನುಮತಿ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಸಂಘಗಳು ಬೇಕಾದಷ್ಟಿವೆ. ಈ ಪ್ರಶ್ನೆಯಿಂದ ಅವರಿಗೆ ಏನೂ ತೊಂದರೆಯಿಲ್ಲ.

ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಿಟಕಿ ತೆರೆದು ಒಂದು ನಿಮಿಷದ ವಿಡಿಯೊ ಮಾಡಿ, ಗೋಡೆ ಗಡಿಯಾರ ಅದರಲ್ಲಿ ಕಾಣಲಿ. ಪದೇ ಪದೇ ಆಗುತ್ತಿದ್ದರೆ ತಾರೀಕು, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಯಂತ್ರ ಅಥವಾ ಸ್ಪೀಕರ್, ಇವನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಅದನ್ನು ಸೇರಿಸಿ ಎಸಿಪಿ ಅಥವಾ ಡಿವೈಎಸ್ಪಿ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ತುಂಬಾ ಗಲಾಟೆ' ಅಂತ ಸುಮ್ನೆ ಬರೆಯಬೇಡಿ. 'ನಿಯಮ 5ಎ ಉಲ್ಲಂಘನೆ, ರಾತ್ರಿ 11.20ರಿಂದ 2.40ರವರೆಗೆ ಕಾಂಕ್ರೀಟ್ ಪಂಪ್' ಅಂತ ಬರೆಯಿರಿ. ಶಬ್ದ ನಿಲ್ಲಿಸಲು ಲಿಖಿತ ಆದೇಶ ಕೊಡುವ ಅಧಿಕಾರ ನಿಯಮ 8ರಲ್ಲಿದೆ. ಆ ಆದೇಶವನ್ನೇ ಕೇಳಿ.