ಆಫ್ರಿಕಾದ ಸಿನಿಮಾ ಹುಟ್ಟಿದ್ದು 1963ರಲ್ಲೇ?

ಪ್ರಶ್ನೆ: ಆಫ್ರಿಕಾದವರು ಸ್ವತಃ ಸಿನಿಮಾ ಮಾಡತೊಡಗಿದ್ದು 1963ರಲ್ಲಿ, ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಅವರಿಂದ ಎಂದು ಓದಿದ್ದೇನೆ. ಅವರಿಗೆ ಅಷ್ಟು ತಡವಾದದ್ದೇಕೆ?

ಉತ್ತರ: ಚಿತ್ರೋತ್ಸವ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಪ್ರತಿ ಸಲವೂ ಭೂಪಟ ಬಿಡಿಸಿಯೇ ಮಾತು ಶುರು ಮಾಡಬೇಕಾಗುತ್ತದೆ. ಈಜಿಪ್ಟ್ ಇರುವುದು ಆಫ್ರಿಕಾದಲ್ಲಿ, ಟ್ಯುನೀಸಿಯವೂ ಅಲ್ಲೇ. ಟ್ಯುನಿಸ್‌ನ ಆಲ್ಬರ್ಟ್ ಸಮಾಮಾ ಶಿಕ್ಲಿ 1922ರಷ್ಟು ಹಿಂದೆಯೇ ‘ಜೊಹ್ರಾ’ ಎಂಬ ಕಥಾಚಿತ್ರ ತೆಗೆದರು. ನಾಯಕಿ ಅವರ ಮಗಳೇ. ಈಜಿಪ್ಟಿನಲ್ಲಿ ನಟಿ ಅಜೀಜಾ ಅಮೀರ್ ತಾವೇ ನಿರ್ಮಾಪಕಿಯಾಗಿ ‘ಲೈಲಾ’ವನ್ನು ತೆರೆಗೆ ತಂದದ್ದು 1927ರಲ್ಲಿ. 1954ರಲ್ಲಿ ಒಮರ್ ಶರೀಫ್ ಅವರನ್ನು ಮೊದಲು ನಾಯಕನನ್ನಾಗಿ ನಿಲ್ಲಿಸಿದ ನಿರ್ದೇಶಕ ಯೂಸುಫ್ ಶಾಹೀನ್, ನಾಲ್ಕೇ ವರ್ಷಗಳ ನಂತರ ‘ಕೈರೋ ಸ್ಟೇಷನ್’ನಲ್ಲಿ ಪತ್ರಿಕೆ ಮಾರುವ ಕುಂಟನಾಗಿ ತಾವೇ ನಟಿಸಿದರು. ಇಷ್ಟೆಲ್ಲ ಆದಾಗ ಸೆಂಬೆನ್ ಇನ್ನೂ ಕ್ಯಾಮೆರಾ ಹಿಡಿದಿರಲಿಲ್ಲ.

“ನಾವು ಕೇಳಿದ್ದು ಸಹಾರಾದ ದಕ್ಷಿಣದ ಮಾತು” ಎಂದು ಮರುಓಲೆ ಬರುತ್ತದೆ. ಆಗಲಿ, ಅಲ್ಲಿಗೇ ಹೋಗೋಣ. ಅಲ್ಲಿಯವರಿಗೆ ಕಲೆಗಾರಿಕೆ ಒಲಿಯಲಿಲ್ಲ, ಆಸಕ್ತಿ ಇರಲಿಲ್ಲ, ಬಡತನ ಅಡ್ಡ ಬಂತು ಎಂದು ಹೇಳುವವರು 1934ರ ಲಾವಾಲ್ ಆಜ್ಞೆಯ ಹೆಸರನ್ನೇ ಎತ್ತುವುದಿಲ್ಲ. ಫ್ರೆಂಚ್ ವಸಾಹತುಗಳ ಮಂತ್ರಿಯಾಗಿದ್ದ ಪಿಯೇರ್ ಲಾವಾಲ್ ಹೊರಡಿಸಿದ ಈ ಆಜ್ಞೆಯ ಪ್ರಕಾರ ಪಶ್ಚಿಮ ಆಫ್ರಿಕಾದಲ್ಲಿ ಯಾರೇ ಚಿತ್ರೀಕರಣ ಮಾಡುವುದಾದರೂ ಸರ್ಕಾರದ ಅನುಮತಿ ಬೇಕು. ಕಥೆ ಯಾವುದು, ತೆಗೆಯುವವರು ಯಾರು ಎಂಬುದನ್ನು ಅಧಿಕಾರಿಗಳು ಮೊದಲೇ ನೋಡಬೇಕು. ಪಶ್ಚಿಮ ಆಫ್ರಿಕಾದ ಪಾಲಿನ್ ಸುಮಾನು ವಿಯೆರಾ ಎಂಬ ತರುಣ ಪ್ಯಾರಿಸ್‌ನ ಚಲನಚಿತ್ರ ಶಾಲೆಯಲ್ಲಿ ಓದು ಮುಗಿಸಿದರು. ತಾಯ್ನೆಲದಲ್ಲಿ ಚಿತ್ರೀಕರಿಸಲು ಅವರಿಗೆ ಅನುಮತಿ ಸಿಗಲಿಲ್ಲ. ಗೆಳೆಯರೊಂದಿಗೆ ಪ್ಯಾರಿಸ್‌ನಲ್ಲೇ ಉಳಿದು, ಆ ಊರಿನ ಆಫ್ರಿಕನ್ನರ ಬದುಕನ್ನೇ ಚಿತ್ರ ಮಾಡಿದರು. ಅದು 1955, ನೀವು ಓದಿದ ಇಸವಿಗಿಂತ ಎಂಟು ವರ್ಷ ಮೊದಲು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಒಳಗಿದ್ದವರಿಗೆ ನಡೆಯಲು ಬರುವುದಿಲ್ಲ ಎಂದರೆ ಹೇಗೆ?

ಹಾಗೆಂದು ಸೆಂಬೆನ್ ಸಣ್ಣವರಾಗುವುದಿಲ್ಲ. ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ ಹಡಗಿನ ಸರಕು ಹೊತ್ತು, ಕಾದಂಬರಿಕಾರರಾಗಿ ಹೆಸರು ಮಾಡಿದ ಮೇಲೂ, ತಮ್ಮ ಜನರಲ್ಲಿ ಹೆಚ್ಚಿನವರು ಪುಸ್ತಕ ಓದಲಾರರು ಎಂಬ ಕಾರಣಕ್ಕೇ ನಲವತ್ತರ ಹತ್ತಿರ ಸಿನಿಮಾ ಕಲಿಯಲು ಹೊರಟವರು ಅವರು. ನಿಮ್ಮ ಪ್ರಶ್ನೆಯ 1963 ಎಂದರೆ ಇಪ್ಪತ್ತು ನಿಮಿಷಗಳಷ್ಟೇ ಇರುವ ‘ಬೊರೊಮ್ ಸಾರೆ’. ಸೆನೆಗಲ್‌ನ ರಾಜಧಾನಿ ಡಕಾರ್‌ನ ಬಡ ಗಾಡಿಯವನೊಬ್ಬ ದಿನವಿಡೀ ಕುದುರೆಗಾಡಿ ಓಡಿಸುತ್ತಾನೆ. ಹತ್ತಿದವರಲ್ಲಿ ಹೆಚ್ಚಿನವರು ಕಾಸು ಕೊಡುವುದಿಲ್ಲ. ಕೊನೆಗೆ ಶ್ರೀಮಂತರ ಬಡಾವಣೆಗೆ ಹೋದಾಗ ಪೊಲೀಸ್ ತಡೆಯುತ್ತಾನೆ. ಅಲ್ಲಿ ಗಾಡಿಗಳಿಗೆ ಪ್ರವೇಶವಿಲ್ಲ. ಸೈನ್ಯದಲ್ಲಿದ್ದಾಗ ಸಿಕ್ಕ ಪದಕ ನೆಲಕ್ಕೆ ಬೀಳುತ್ತದೆ. ಎತ್ತಿಕೊಳ್ಳಲು ಬಾಗಿದರೆ ಅದರ ಮೇಲೆ ಪೊಲೀಸನ ಬೂಟು. ದೇಶ ಸ್ವತಂತ್ರವಾಗಿ ಮೂರು ವರ್ಷವಾಗಿತ್ತು, ಬೂಟಿನೊಳಗಿದ್ದದ್ದು ಸ್ವದೇಶಿ ಕಾಲೇ! ಈ ಒಂದು ದೃಶ್ಯಕ್ಕಾಗಿ ಅವರನ್ನು ಪಿತಾಮಹ ಎನ್ನಿ, ನನ್ನ ತಕರಾರಿಲ್ಲ. ಇಸವಿಗಾಗಿ ಎನ್ನಬೇಡಿ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ಪ್ರಶ್ನೆಯಿದೆ: ಈ ಸೆಂಬೆನ್ ಕಲಿಯಲು ಪ್ಯಾರಿಸ್ ಬಿಟ್ಟು ಮಾಸ್ಕೊಗೆ ಹೋದದ್ದೇಕೆ? ಹೊಸದಾಗಿ ಸ್ವತಂತ್ರವಾದ ದೇಶಗಳ ತರುಣರಿಗೆ ಸೋವಿಯತ್ ಒಕ್ಕೂಟ ವಿದ್ಯಾರ್ಥಿವೇತನ ಕೊಟ್ಟು ಕರೆಯುತ್ತಿದ್ದ ಕಾಲ ಅದು. ಸೆಂಬೆನ್ ಅಲ್ಲಿ ಸೋವಿಯತ್ ನಿರ್ದೇಶಕ ಮಾರ್ಕ್ ಡೊನ್‌ಸ್ಕೊಯ್ ಅವರ ಬಳಿ ಕಲಿತರು. ಮುಂದೆ 1987ರಲ್ಲಿ ‘ಯೇಲೆನ್’ ಚಿತ್ರಕ್ಕೆ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿ ಪಡೆದ ಮಾಲಿಯ ಸುಲೇಮಾನ್ ಸಿಸ್ಸೆ, ‘ಟಿಂಬಕ್ಟು’ ಮಾಡಿದ ಅಬ್ದುರ್ರಹಮಾನ್ ಸಿಸ್ಸಾಕೊ, ಇಬ್ಬರೂ ಮಾಸ್ಕೊದ ಚಲನಚಿತ್ರ ಸಂಸ್ಥೆಯಲ್ಲಿ ಕಲಿತವರೇ.

ಎಲ್ಲಕ್ಕೂ ಶಾಲೆಯೇ ಕಾರಣ ಎಂದು ನೀವು ಬರೆದುಕೊಳ್ಳುವ ಮೊದಲು ಡಕಾರ್‌ನ ನಿರ್ದೇಶಕ ಜಿಬ್ರಿಲ್ ಜೋಪ್ ಮಂಬೇತಿಯನ್ನೂ ಸೇರಿಸಿಕೊಳ್ಳಿ. ಯಾವ ಚಲನಚಿತ್ರ ಶಾಲೆಯ ಮೆಟ್ಟಿಲನ್ನೂ ಹತ್ತದ ಮನುಷ್ಯ ಅವರು. 1973ರ ‘ತೂಕಿ ಬೂಕಿ’ಯಲ್ಲಿ ಬೈಕಿನ ಮುಂಭಾಗಕ್ಕೆ ಎತ್ತಿನ ಕೊಂಬು ಕಟ್ಟಿ ನಾಯಕನನ್ನು ಓಡಿಸಿದವರೂ ಅವರೇ. 2024ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿ ಪ್ರಶಸ್ತಿ ಗೆದ್ದ ನಿರ್ದೇಶಕಿ ಮಾತಿ ಜೋಪ್ ಅವರ ತಂದೆ ವಾಸಿಸ್ ಜೋಪ್ ಇದೇ ಮಂಬೇತಿಯ ತಮ್ಮ. ಅಂದರೆ ಮಾತಿಗೆ ಮಂಬೇತಿ ದೊಡ್ಡಪ್ಪ.