ರಿಸ್ಕ್ ಫ್ಯಾಕ್ಟರ್: ‘ಅಪಾಯಕಾರಿ ಅಂಶ’ವೂ ಅಲ್ಲ, ಕಾರಣವೂ ಅಲ್ಲ

ಮೊಬೈಲಿಗೆ ಮತ್ತೊಂದು ಪಟ್ಟಿ ಬಂತು. ‘ಪ್ಯಾಂಕ್ರಿಯಾಟೈಟಿಸ್‌ನ ಹತ್ತು ಅಪಾಯಕಾರಿ ಅಂಶಗಳು’ ಅಂತ. ಪ್ಯಾಂಕ್ರಿಯಾಟೈಟಿಸ್ ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ; ಅಪಾಯಕಾರಿ ಅಂಶ ಅಂತ ಬರೆದದ್ದು ಇಂಗ್ಲಿಷಿನ ರಿಸ್ಕ್ ಫ್ಯಾಕ್ಟರಿಗೆ. ಕುಡಿತ, ಸಿಗರೇಟು, ಪಿತ್ತಕೋಶದ ಕಲ್ಲು, ಇಲ್ಲಿಯವರೆಗೆ ಸರಿ. ಅದರ ಕೆಳಗೆ ವಾಂತಿ. ಇನ್ನೂ ಕೆಳಗೆ ಬೆನ್ನಿಗೆ ಹಾಯುವ ಹೊಟ್ಟೆನೋವು. ಅಲ್ಲಾ, ಇವು ರೋಗ ಬಂದ ಮೇಲೆ ಕಾಣುವ ಲಕ್ಷಣಗಳು. ರಿಸ್ಕ್ ಫ್ಯಾಕ್ಟರ್ ರೋಗಕ್ಕಿಂತ ಮೊದಲೇ ಇರಬೇಕು. ಇಷ್ಟನ್ನೂ ನೋಡದೆ ಫಾರ್ವರ್ಡ್ ಮಾಡುವವರಿಗೆ ಏನು ಹೇಳೋಣ?

ಅರ್ಧ ಗೊಂದಲ ‘ಅಪಾಯಕಾರಿ ಅಂಶ’ ಎಂಬ ಮಾತಿನದೇ. ತಿಂಡಿಯಲ್ಲಿ ಅಪಾಯಕಾರಿ ಅಂಶ ಪತ್ತೆ ಅಂತ ಪೇಪರಿನಲ್ಲಿ ಬಂದರೆ, ವಿಷ ಸಿಕ್ಕಿತು ಅಂತ ತಾನೇ ಓದುತ್ತೇವೆ? ಅದೇ ಮಾತನ್ನು ವಯಸ್ಸಿಗೆ, ಮನೆತನಕ್ಕೆ ಅಂಟಿಸಿದರೆ ಹೇಗೆ? ‘ಅಪಾಯ ಹೆಚ್ಚಿಸುವ ಅಂಶ’ ಅನ್ನಬಹುದು. ಒಂದು ಪದ ಜಾಸ್ತಿಯಾದರೂ ಅರ್ಥ ಕೆಡುವುದಿಲ್ಲ. ಉದ್ದವಾಯ್ತು ಅನ್ನಿಸಿದರೆ ಸುಮ್ನೆ ರಿಸ್ಕ್ ಫ್ಯಾಕ್ಟರ್ ಅಂತಲೇ ಬರೆಯಿರಿ, ಎಲ್ಲರಿಗೂ ಗೊತ್ತಾಗುತ್ತದೆ.

ಈ ಪದ ಹೃದ್ರೋಗದ ಕಡೆಯಿಂದ ಬಂದದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಒಂದು ಅಧ್ಯಯನ ಶುರುವಾಯಿತು. 5,209 ಜನರನ್ನು ವರ್ಷಗಟ್ಟಲೆ ಗಮನಿಸುತ್ತಾ ಹೋದರು. ಯಾರ ಹೃದಯ ಕೈಕೊಟ್ಟಿತು, ಅವರಲ್ಲಿ ಮೊದಲೇ ಏನೇನು ಇತ್ತು ಅಂತ ಲೆಕ್ಕ ಇಟ್ಟರು. 1961ರಲ್ಲಿ ವಿಲಿಯಂ ಕ್ಯಾನೆಲ್ ಮತ್ತು ಸಂಗಡಿಗರ ವರದಿ ಬಂದ ಮೇಲೆ ಈ ಮಾತು ವೈದ್ಯರ ಬಾಯಲ್ಲಿ ನಿಂತಿತು. ಅಂದರೆ ಇದು ಹುಟ್ಟಿದ್ದೇ ಗುಂಪಿನ ಲೆಕ್ಕದಲ್ಲಿ. ಒಂದು ಗುಣ ಇರುವ ಸಾವಿರ ಜನ, ಇಲ್ಲದ ಸಾವಿರ ಜನ. ಯಾವ ಕಡೆ ರೋಗ ಜಾಸ್ತಿ? ಅಷ್ಟೇ ಪ್ರಶ್ನೆ. ಪಕ್ಕದ ಮನೆಯವರಿಗೆ ಬರುತ್ತದೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಉತ್ತರ ಇರುವುದಿಲ್ಲ.

(ಹಾಗೇ ಇದೂ ಇರಲಿ: ಪ್ಯಾಂಕ್ರಿಯಾಸ್‌ಗೆ ಕನ್ನಡದಲ್ಲಿ ಮೇದೋಜೀರಕ, ‘ಮೇಧೋಜೀರಕ’ ಅಲ್ಲ. ಮೇದಸ್ಸು ಅಂದರೆ ಕೊಬ್ಬು. ಕೊಬ್ಬನ್ನು ಜೀರ್ಣ ಮಾಡಲು ರಸ ಕೊಡುವ ಗ್ರಂಥಿ. ಮೇಧಾವಿಗಳಿಗೂ ಇದಕ್ಕೂ ಸಂಬಂಧ ಇಲ್ಲ.)

ಈಗ ಕುಡಿತದ ವಿಚಾರ. ಮೇದೋಜೀರಕದ ಉರಿಯೂತ ಅಂದ ಕೂಡಲೇ ನೆಂಟರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಕುಡೀತಿದ್ರಾ?’ ಒಂದು ತೊಟ್ಟೂ ಕುಡಿಯದ ಹೆಂಗಸು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಈ ಪ್ರಶ್ನೆಗೆ ಉತ್ತರ ಕೊಡಬೇಕು. ದಿಢೀರನೆ ಬರುವ ಉರಿಯೂತದ ಹಿಂದೆ ಕುಡಿತದಷ್ಟೇ ದೊಡ್ಡ ಹೆಸರು ಪಿತ್ತಕೋಶದ ಕಲ್ಲಿನದು. ಎಷ್ಟೋ ದೇಶಗಳಲ್ಲಿ ಅದೇ ಮೊದಲು. ಪಿತ್ತದ ನಾಳವೂ ಮೇದೋಜೀರಕದ ನಾಳವೂ ಸಣ್ಣಕರುಳಿನ ಬಾಯಲ್ಲಿ ಸೇರುತ್ತವೆ. ಒಂದು ಚಿಕ್ಕ ಕಲ್ಲು ಜಾರಿ ಬಂದು ಅಲ್ಲಿ ಸಿಕ್ಕಿಕೊಂಡರೆ ಸಾಕು, ಕೆಲಸ ಕೆಟ್ಟಿತು. ದೊಡ್ಡ ಕಲ್ಲಿಗಿಂತ ಸಣ್ಣದೇ ಇಲ್ಲಿ ಹೆಚ್ಚು ಕಾಟ, ಯಾಕೆಂದರೆ ದೊಡ್ಡದು ಪಿತ್ತಕೋಶ ಬಿಟ್ಟು ಹೊರಡುವುದೇ ಕಷ್ಟ. ಹಾಗಿದ್ದೂ ಕಲ್ಲು ಇರುವ ಬಹುಪಾಲು ಜನರಿಗೆ ಉರಿಯೂತ ಬರುವುದಿಲ್ಲ.

ಕುಡಿತದ್ದೂ ಅದೇ ಕತೆ. ವರ್ಷಗಟ್ಟಲೆ ಜೋರಾಗಿ ಕುಡಿದವರಲ್ಲೂ ಈ ರೋಗ ಬರುವುದು ಸಣ್ಣ ಪಾಲಿಗೆ. ಇದನ್ನೇ ಹಿಡಿದುಕೊಂಡು ‘ನಮ್ಮ ಮಾವ ನಲವತ್ತು ವರ್ಷ ಕುಡಿದರು, ಏನೂ ಆಗಲಿಲ್ಲ’ ಅನ್ನುವವರು ಇದ್ದೇ ಇರುತ್ತಾರೆ. ಮಾವನಿಗೆ ಆಗಲಿಲ್ಲ, ಒಪ್ಪೋಣ. ಅಷ್ಟಕ್ಕೆ ಗುಂಪಿನ ಲೆಕ್ಕ ಸುಳ್ಳಾಗುತ್ತದಾ? ಕುಡಿಯುವವರಲ್ಲಿ ಸೇದುವವರೂ ಜಾಸ್ತಿ, ಅಲ್ವಾ? ಅದಕ್ಕೇ ಸಿಗರೇಟಿನ ತಪ್ಪನ್ನೂ ಬಹಳ ಕಾಲ ಬಾಟಲಿಯ ತಲೆಗೇ ಕಟ್ಟಿದ್ದರು. ಈಗ ಕುಡಿತವನ್ನು ಲೆಕ್ಕದಿಂದ ತೆಗೆದರೂ ಹೊಗೆ ತಾನೇ ಅಪಾಯ ಹೆಚ್ಚಿಸುತ್ತದೆ ಎಂಬುದು ಗೊತ್ತಾಗಿದೆ.

ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 300 ಬಂತು ಅಂತ ಮೇದೋಜೀರಕಕ್ಕಾಗಿ ಗಾಬರಿ ಬೀಳುವವರೂ ಇದ್ದಾರೆ. ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು, ನಿಜ. ಆದರೆ ಅದೇ ಉರಿಯೂತಕ್ಕೆ ಕಾರಣ ಅಂತ ವೈದ್ಯರು ಬೆರಳು ತೋರಿಸುವುದು ಸಾಮಾನ್ಯವಾಗಿ ಅಂಕಿ 1,000 ದಾಟಿದಾಗ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚುವುದು, ಕೆಲವು ಔಷಧಿಗಳು, ಪಿತ್ತನಾಳಕ್ಕೆ ಎಂಡೋಸ್ಕೋಪ್ ಹಾಕಿ ಮಾಡುವ ಇಆರ್‌ಸಿಪಿ, ಇವೂ ಪಟ್ಟಿಯಲ್ಲಿವೆ. ಸಕ್ಕರೆ ಕಾಯಿಲೆ ಮಾತ್ರ ಎರಡೂ ಕಡೆ ಕಾಣಿಸಿಕೊಳ್ಳುತ್ತದೆ. ಅದು ಇದ್ದವರಿಗೆ ಉರಿಯೂತದ ಅಪಾಯ ಸ್ವಲ್ಪ ಹೆಚ್ಚು, ಉರಿಯೂತದಿಂದ ಗ್ರಂಥಿ ಹಾಳಾದರೂ ಅದು ಬರುತ್ತದೆ.

ಜೊತೆಗೆ ಕಾಣಿಸಿದ್ದೆಲ್ಲ ಕಾರಣ ಅಲ್ಲ ಅನ್ನುವುದಕ್ಕೆ ನಮ್ಮ ಪಕ್ಕದ ಕೇರಳವನ್ನೇ ನೋಡಿ. ಅಲ್ಲಿ ಹರೆಯದವರಲ್ಲೇ ಮೇದೋಜೀರಕದ ತುಂಬ ಕಲ್ಲು, ಹೊಟ್ಟೆನೋವು, ಆಮೇಲೆ ಸಕ್ಕರೆ ಕಾಯಿಲೆ. ಕುಡಿತದ ಸುಳಿವೇ ಇಲ್ಲ. ವೈದ್ಯ ಪಿ.ಜೆ. ಗೀವರ್ಗೀಸ್ 1960ರ ದಶಕದಲ್ಲಿ ಇಂಥ ರೋಗಿಗಳನ್ನು ಒಬ್ಬೊಬ್ಬರಾಗಿ ದಾಖಲಿಸುತ್ತಾ ಹೋದರು. ಬಡವರ ಊಟ ಮರಗೆಣಸು, ಅದರಲ್ಲಿ ಸಯನೈಡ್ ಬಿಡುವ ವಸ್ತು ಇದೆ, ಹಾಗಾಗಿ ಅನುಮಾನವೆಲ್ಲ ಅದರ ಮೇಲೆ ಬಿತ್ತು. ಕೇಳಲು ಸರಿಯಾಗಿಯೇ ಇತ್ತು. ಆದರೆ ಮರಗೆಣಸು ಮುಟ್ಟದವರಲ್ಲೂ ರೋಗ ಸಿಕ್ಕಿತು. ಮರಗೆಣಸೇ ಊಟವಾಗಿರುವ ಕೆಲವು ಕಡೆ ಅದು ಅಷ್ಟಾಗಿ ಕಾಣಲೂ ಇಲ್ಲ. 2000ರ ದಶಕದ ಆರಂಭದಲ್ಲಿ ಹೈದರಾಬಾದಿನ ಸಂಶೋಧಕರೂ ಇತರರೂ ಈ ರೋಗಿಗಳಲ್ಲಿ ಎಸ್‌ಪಿಐಎನ್‌ಕೆ1 ಎಂಬ ಜೀನಿನ ಬದಲಾವಣೆ ಹೆಚ್ಚಾಗಿರುವುದನ್ನು ಕಂಡರು. ಪ್ರೋಟೀನ್ ಅರಗಿಸುವ ಟ್ರಿಪ್ಸಿನ್ ಗ್ರಂಥಿಯೊಳಗೇ ಎಚ್ಚರಗೊಂಡು ಅದನ್ನೇ ಸುಡದಂತೆ ತಡೆಯುವುದು ಆ ಜೀನಿನ ಕೆಲಸ. ಸಿಕ್ಕಿತು ಕಾರಣ ಅಂತ ಕುಣಿಯಬೇಡಿ. ಆ ಬದಲಾವಣೆ ಹೊತ್ತವರಲ್ಲಿ ಬಹುಪಾಲು ಜನರಿಗೂ ಮೇದೋಜೀರಕದ ತೊಂದರೆ ಬರುವುದೇ ಇಲ್ಲ.