ಓದಿದ್ದು ನೆನಪಿನಲ್ಲಿ ನಿಲ್ಲದಿದ್ದರೆ ಅದು ಮರೆವಿನ ಕಾಯಿಲೆಯೇ?

ಪ್ರಶ್ನೆ: ನನಗೆ 68 ವರ್ಷ. ಮೊದಲಿನಿಂದಲೂ ಓದುವ ಹವ್ಯಾಸವಿದೆ. ಈಚೆಗೆ ಪುಟದ ಕೊನೆ ಮುಟ್ಟುವಷ್ಟರಲ್ಲಿ ಮೇಲಿನ ಸಾಲುಗಳು ಮರೆತುಹೋಗಿರುತ್ತವೆ. ಇದು ಮರೆವಿನ ಕಾಯಿಲೆಯ ಆರಂಭವೇ?

ಉತ್ತರ: ಇಷ್ಟರಿಂದಲೇ ಹಾಗೆಂದು ಹೆದರಬೇಕಾಗಿಲ್ಲ. ಆಗತಾನೇ ಓದಿದ್ದನ್ನು ಮುಂದಿನ ಮಾತಿನೊಂದಿಗೆ ಜೋಡಿಸುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಅಂದರೆ ಮನಶ್ಶಾಸ್ತ್ರಜ್ಞರು ವರ್ಕಿಂಗ್ ಮೆಮೊರಿ ಎನ್ನುವುದು, ವಯಸ್ಸಾದಂತೆ ಎಲ್ಲರಲ್ಲೂ ಅಷ್ಟಿಷ್ಟು ಕುಗ್ಗುತ್ತದೆ.

ಕನ್ನಡದ ಉದ್ದ ವಾಕ್ಯಗಳಲ್ಲಿ ಇದು ಬೇಗ ಗಮನಕ್ಕೆ ಬರುತ್ತದೆ. “ಕಳೆದ ವರ್ಷ ಮಳೆಗೆ ಕುಸಿದ, ಊರಿನವರೇ ಚಂದಾ ಎತ್ತಿ ಮತ್ತೆ ಕಟ್ಟಿಸಿದ, ಈಗ ಮಕ್ಕಳಿಗೆ ಸಾಲದಾಗಿರುವ ಶಾಲೆ” ಎಂಬಲ್ಲಿ ಕುಸಿದದ್ದು ಯಾವುದು, ಕಟ್ಟಿಸಿದ್ದು ಯಾವುದು ಎಂಬುದು ಕೊನೆಯ ಪದ ಬರುವವರೆಗೂ ತಿಳಿಯುವುದಿಲ್ಲ. ಅಲ್ಲಿಯವರೆಗಿನದನ್ನೆಲ್ಲ ಹೊತ್ತುಕೊಂಡೇ ಸಾಗಬೇಕು. ಇಪ್ಪತ್ತರಲ್ಲಿ ಅರಿವಿಗೇ ಬಾರದ ಆ ಹೊರೆ ಅರವತ್ತರ ನಂತರ ಭಾರವೆನಿಸುತ್ತದೆ. ಇದರಲ್ಲಿ ಕಣ್ಣಿನ ಪಾಲೂ ಇದೆ. ‘ಪ’ ಮತ್ತು ‘ಷ’ಗಳನ್ನು ಬೇರ್ಪಡಿಸುವುದು ಒಳಗಿನ ಒಂದು ಪುಟ್ಟ ಗೆರೆ, ಸಣ್ಣ ಅಚ್ಚಿನಲ್ಲಿ ಒತ್ತಕ್ಷರಗಳಂತೂ ಇನ್ನೂ ಕಿರಿದು. ಅಕ್ಷರ ಗುರುತಿಸುವುದಕ್ಕೇ ಗಮನವೆಲ್ಲ ವ್ಯಯವಾದರೆ ನೆನಪಿಟ್ಟುಕೊಳ್ಳಲು ಉಳಿಯುವುದು ಕಡಿಮೆ. ಆದ್ದರಿಂದ ಮೊದಲು ಕನ್ನಡಕದ ನಂಬರನ್ನೂ ಪೊರೆ ಬಂದಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳಿ.

ಸಮಾಧಾನಪಡಬೇಕಾದ ಸಂಗತಿಯೂ ಇದೆ. ಮನಶ್ಶಾಸ್ತ್ರಜ್ಞ ವಾರ್ನರ್ ಶೈ ಅವರು 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿ, 7 ವರ್ಷಕ್ಕೊಮ್ಮೆ ಹಳಬರನ್ನು ಮತ್ತೆ ಪರೀಕ್ಷಿಸುತ್ತ ದಶಕಗಳ ಕಾಲ ನಡೆಸಿದ ಅಧ್ಯಯನದಲ್ಲಿ, ಗ್ರಹಿಕೆಯ ವೇಗ ಬೇಗನೆ ಇಳಿದರೂ ಭಾಷಾ ಸಾಮರ್ಥ್ಯ ಬಹಳ ತಡವಾಗಿ ಕುಗ್ಗುವುದು ಕಂಡುಬಂದಿತು. ಕಥೆ ಓದಿದ ಹಿರಿಯರು ವಾಕ್ಯಗಳನ್ನು ಇದ್ದ ಹಾಗೆಯೇ ಹೇಳಲಾರರು. ಯಾರು, ಎಲ್ಲಿ, ಏಕೆ ಎಂಬುದನ್ನು ಮಾತ್ರ ಕಿರಿಯರಷ್ಟೇ ಚೆನ್ನಾಗಿ ಗ್ರಹಿಸಿರುತ್ತಾರೆ. ನನ್ನ ದೃಷ್ಟಿಯಲ್ಲಿ ಓದಿನ ಸಾರವೇ ಅದು.

ಪ್ಯಾರಾ ಮುಗಿದಾಗಲೆಲ್ಲ ಪುಸ್ತಕ ಮುಚ್ಚಿ, ಓದಿದ್ದನ್ನು ನಿಮ್ಮದೇ ಮಾತಿನಲ್ಲಿ ಒಮ್ಮೆ ಹೇಳಿಕೊಳ್ಳಿ. ಎರಡನೆಯ ಬಾರಿ ಕಣ್ಣಾಡಿಸುವುದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಫಲಕಾರಿ.

ಆದರೆ ದಿನನಿತ್ಯದ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪಿಂಚಣಿಯ ಲೆಕ್ಕ ಹಿಡಿತಕ್ಕೆ ಸಿಗದಿರುವುದು ಮುಂತಾದವು ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರಾಹೀನತೆ ಇವು ಕೂಡ ಮರೆವು ತರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆಯಿದೆ. ಅಲರ್ಜಿ ಅಥವಾ ನಿದ್ರೆಯ ಕೆಲವು ಮಾತ್ರೆಗಳೂ ಮನಸ್ಸನ್ನು ಮಂಕಾಗಿಸಬಲ್ಲವು; ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು ತಪ್ಪದೆ ಜೊತೆಗೆ ಒಯ್ಯಿರಿ.